ಎಂಟನೇ ಸೀಟಿನ ಸೊನ್ನೆ

ಇಪ್ಪತ್ತೊಂದು ವರ್ಷದಿಂದ ನಾನು ಬೆಸುಗೆ ಹಾಕುತ್ತಿದ್ದೇನೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದೇ ಶಟರಿನ ಸಣ್ಣ ಕಾರ್ಖಾನೆ ನಮ್ಮದು. ಗಾಡಿಗಳಿಗೆ ಬೇಕಾದ ಪುಟ್ಟ ಪುಟ್ಟ ಬೋರ್ಡುಗಳನ್ನು ಮಾಡುತ್ತೇವೆ. ನನ್ನ ಕೈಯಿಂದ ಹೋದ ಬೋರ್ಡು ಕೆಟ್ಟು ವಾಪಸ್ ಬಂದದ್ದು ಬಹಳ ಕಡಿಮೆ. ಜಂಬ ಎಂದರೆ ಜಂಬವೇ ಎನ್ನಿ. ಅದಕ್ಕೇ ಎಂಟನೇ ಸೀಟಿನ ತಪ್ಪು ನನ್ನದು ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಆದರೂ ಮೊದಲೇ ಹೇಳಿಬಿಡುತ್ತೇನೆ: ತಪ್ಪು ನನ್ನದೇ.

ನನ್ನ ಮೈದುನ ಗದಿಗೆಪ್ಪ ಶಾಲೆಯ ವ್ಯಾನು ಓಡಿಸುತ್ತಾನೆ. ಹನ್ನೆರಡು ಸೀಟಿನ ವ್ಯಾನು. ಕಳೆದ ಏಪ್ರಿಲ್‌ನಲ್ಲಿ ರೋಶನ್ ಎಂಬ ನಾಲ್ಕು ವರ್ಷದ ಹುಡುಗ ಕಿಟಕಿ ಪಕ್ಕದ ಎಂಟನೇ ಸೀಟಿನಲ್ಲಿ ನಿದ್ದೆ ಹೋಗಿ ಕೆಳಕ್ಕೆ ಜಾರಿದ್ದ. ಮಧ್ಯಾಹ್ನದ ಪಾಳಿಯ ಮಕ್ಕಳನ್ನು ಶಾಲೆಗೆ ಇಳಿಸಿದ ಗದಿಗೆಪ್ಪ ಅವನನ್ನು ನೋಡಲಿಲ್ಲ. ಬಿಸಿಲಿನಲ್ಲಿ ವ್ಯಾನು ನಿಲ್ಲಿಸಿ, ಬೀಗ ಹಾಕಿ, ಊಟಕ್ಕೆ ಹೋದ. ನಲವತ್ತು ನಿಮಿಷದ ಮೇಲೆ ಪಾನ್ ಅಂಗಡಿಯವನಿಗೆ ಗಾಜಿನ ಮೇಲೆ ಒಂದು ಸಣ್ಣ ಕೈ ಕಂಡಿತು. ಹುಡುಗ ಉಳಿದ. ಗದಿಗೆಪ್ಪ ಮಾತ್ರ ಮೊದಲಿನಂತೆ ಉಳಿಯಲಿಲ್ಲ. ಊಟದ ನಡುವೆ ಎಂಜಲು ಕೈಯಲ್ಲೇ ಎದ್ದು ಹೋಗಿ ವ್ಯಾನಿನೊಳಗೆ ಇಣುಕಿ ಬರುತ್ತಿದ್ದ.

ಶಾಲೆಯವರು ಜೂನ್ ತನಕ ಗಡುವು ಕೊಟ್ಟರು. ಸೀಟುಗಳಿಗೆ ಅಲಾರಂ ಕೂಡಿಸಿದರೆ ವ್ಯಾನು ಇರುತ್ತದೆ, ಇಲ್ಲದಿದ್ದರೆ ಇಲ್ಲ. ರೋಶನ್‌ನ ತಾಯಿ ಫೋರ್ಟಿನ ಆಫೀಸಿಗೆ ಬೆಳಿಗ್ಗೆಯೇ ಲೋಕಲ್ ಹಿಡಿಯುವವಳು. ಅವಳಿಗೆ ಬೇರೆ ದಾರಿಯಿರಲಿಲ್ಲ, ಅವಳದೂ ಅದೇ ಮಾತು.

"ಇನ್ನೊಮ್ಮೆ ಹಂಗಾತಂದ್ರ ನಾ ಉಳಿಯಂಗಿಲ್ಲ ವೈನಿ," ಎಂದ ಗದಿಗೆಪ್ಪ. "ನೀವ ಏನರ ಮಾಡ್ರಿ."

ನಾನು ಮಾಡಿದೆ. ನಮ್ಮಲ್ಲಿ ಯಕ್ಷಿತಾ ಎಂಬ ಇಂಜಿನಿಯರ್ ಹುಡುಗಿ ಇದ್ದಾಳೆ. ಉಡುಪಿ ಕಡೆಯವಳು, ಹುಟ್ಟಿ ಬೆಳೆದದ್ದು ಸಯನ್‌ನಲ್ಲಿ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಇಂಗ್ಲಿಷು. ಅವಳು ನಕ್ಷೆ ಹಾಕಿದಳು, ನಾನು ಬೆಸೆದೆ.

ಇದರ ಕೆಲಸ ತಿಳಿಯಲು ಯಾರೂ ಕಾಲೇಜು ಮೆಟ್ಟಿಲು ಹತ್ತಬೇಕಿಲ್ಲ. ಸೀಟಿನ ಕೆಳಗೆ ಒಂದು ತೂಕದ ಸೆನ್ಸರ್. ಅದರಿಂದ ಹೊರಡುವ ಸಿಗ್ನಲ್ ಎಷ್ಟು ಕ್ಷೀಣವೆಂದರೆ ಗಾಡಿಯ ಗದ್ದಲದಲ್ಲಿ ಅದು ಕಳೆದೇ ಹೋಗುತ್ತದೆ. ಅದನ್ನು ಹಿಡಿದು, ದೊಡ್ಡದು ಮಾಡಿ, ಕಸ ತೆಗೆದು, ಇಷ್ಟು ಕಿಲೋ ಎಂದು ಹೇಳುವುದು ನಮ್ಮ ಬೋರ್ಡು. ಅದಕ್ಕೆ ಕಂಡಿಷನರ್ ಎನ್ನುತ್ತಾರೆ. ಹನ್ನೆರಡು ಸೀಟಿಗೆ ಹನ್ನೆರಡು ಬೋರ್ಡು, ಹನ್ನೆರಡೂ ಒಂದೇ ತಂತಿಗೆ ಜೋಡಣೆ. ಆ ತಂತಿಗೆ ಲಿನ್ ಬಸ್ ಎಂದು ಹೆಸರು. ರಸ್ತೆಯ ಬಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಡ್ರೈವರ್ ಮುಂದೆ ಒಂದು ಡಬ್ಬಿ. ಡಬ್ಬಿ ಪ್ರತಿ ಸೆಕೆಂಡೂ ಒಂದರಿಂದ ಹನ್ನೆರಡರ ತನಕ ನಂಬರ್ ಹಿಡಿದು ಕರೆಯುತ್ತದೆ. ಯಾರನ್ನು ಕರೆಯಿತೋ ಅವರು ಮಾತ್ರ ಉತ್ತರ ಕೊಡಬೇಕು. ಕರೆಯದೆ ಯಾರೂ ಬಾಯಿ ಬಿಡುವಂತಿಲ್ಲ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಮನೆಯಲ್ಲಿ ಸೊಸೆಗೂ ಇದೇ ಕಾಯಿದೆ ಇತ್ತು. ನಾನು ಪಾಲಿಸಲಿಲ್ಲ ಅಷ್ಟೆ.

ಎಂಟು ಕಿಲೋಗಿಂತ ಹೆಚ್ಚು ತೂಕವಿದ್ದರೆ ಆ ಸೀಟಿನ ದೀಪ ಕೆಂಪು, ಕಡಿಮೆಯಿದ್ದರೆ ಹಸಿರು. ಎಂಟು ಯಾಕೆಂದರೆ, ಮಕ್ಕಳ ಚೀಲಗಳೇ ಐದಾರು ಕಿಲೋ ತೂಗುತ್ತವೆ. ಚೀಲಕ್ಕೆಲ್ಲ ಬೊಬ್ಬೆ ಹೊಡೆದರೆ ಯಾರೂ ಕಿವಿಗೊಡುವುದಿಲ್ಲ. ಬಾಗಿಲಿಗೆ ಬೀಗ ಬಿದ್ದ ಮೇಲೆ ಯಾವುದೇ ದೀಪ ಕೆಂಪಾಗಿದ್ದರೆ ಹಾರ್ನು ಹೊಡೆದುಕೊಳ್ಳುತ್ತದೆ.

ಬೋರ್ಡುಗಳಿಗೆ ತೂಕ ಕಲಿಸಲು ಜೂನ್ ಮೊದಲ ಭಾನುವಾರ ವ್ಯಾನನ್ನು ಎಸ್ಟೇಟಿನ ಅಂಗಳಕ್ಕೆ ತರಿಸಿದೆವು. ಮೊದಲು ಸೀಟು ಖಾಲಿ ಇರುವಾಗ "ಇದು ಸೊನ್ನೆ" ಎಂದು ಬರೆಯಬೇಕು. ಆಮೇಲೆ ಹತ್ತು ಕಿಲೋದ ಕಬ್ಬಿಣದ ತೂಕ ಇಟ್ಟು "ಇದು ಹತ್ತು" ಎನ್ನಬೇಕು. ಆಮೇಲೆ ಬೋರ್ಡಿನ ನೆನಪಿಗೆ ಬೀಗ. ಬೀಗ ಬಿದ್ದ ಮೇಲೆ ಬೋರ್ಡು ತನಗೆ ಕಲಿಸಿದ್ದನ್ನು ಮರೆಯುವುದಿಲ್ಲ. ತಪ್ಪಾದರೆ ಬೋರ್ಡನ್ನೇ ಕಿತ್ತು ಹಾಕಬೇಕು.

ವ್ಯಾನಿನಿಂದ ನನ್ನ ಅತ್ತೆ ಹನುಮವ್ವನೂ ಇಳಿದಳು. ಅವಳಿಗೆ ಎಂಬತ್ತರ ಹತ್ತಿರ. ಬಾಗಲಕೋಟೆ ಕಡೆಯಿಂದ ಮುಂಬಯಿಗೆ ಬಂದು ಐವತ್ತು ವರ್ಷವಾದರೂ ಚಾಳಿನ ಖೋಲಿಯಲ್ಲಿ ಊರಿನ ಅಡುಗೆಮನೆಯನ್ನೇ ಇಟ್ಟುಕೊಂಡಿದ್ದಾಳೆ. ಅವಳ ತೋಳಿನಲ್ಲಿ ಒಂದು ಗಂಟು. ಕೆಂಪು ಕುಂಚಿಗೆಯಲ್ಲಿ ಸುತ್ತಿದ ಒಳಕಲ್ಲಿನ ಗುಂಡು.

"ಅದ್ಯಾಕ ತಂದ್ರಿ ಅತ್ತಿ?"

"ಸೀಟಿನ ಬಟ್ಟಿ ಹೊಸಾದು ಹಾಕ್ಯಾನ. ಹೊಸಾ ಸೀಟಿನ್ಯಾಗ ಕೂಸನ್ನ ಹಂಗ ಕುಂದ್ರಸಬಾರದು. ಮದಲ ಗುಂಡಪ್ಪ ಕುಂದ್ರಬೇಕು, ಆಮ್ಯಾಲ ಕೂಸು."

"ಇದು ವ್ಯಾನು, ತೊಟ್ಟಿಲಲ್ಲ."

"ಕೂಸು ಮಲಗಿದ್ದ ಜಾಗಾ ಹೌದಲ್ಲ? ಹಂಗಾರ ತೊಟ್ಟಲ."

ನಮ್ಮ ಕಡೆ ಹೆಸರಿಡುವ ದಿನ ಖಾಲಿ ತೊಟ್ಟಿಲಿಗೆ ಮೊದಲು ಗುಂಡುಕಲ್ಲನ್ನು ಹಾಕಿ ತೂಗುತ್ತಾರೆ. ಕಲ್ಲಿನಷ್ಟು ಗಟ್ಟಿಯಾಗಿ ಕೂಸು ಬಾಳಲಿ ಎಂದು. ಅದೆಲ್ಲ ನನಗೆ ಗೊತ್ತು. ಆದರೆ ಆ ಕೆಂಪು ಕುಂಚಿಗೆ ನನ್ನ ಕೂಸಿಗೆಂದು ಹೊಲಿದದ್ದು, ಕೂಸು ಅದನ್ನು ತೊಡಲೇ ಇಲ್ಲ. ಅದು ಕಣ್ಣಿಗೆ ಬಿದ್ದರೆ ನಾನು ಬೇರೆ ಕಡೆ ತಿರುಗುತ್ತೇನೆ. ಅಂದೂ ತಿರುಗಿದೆ. ಮುಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಯಕ್ಷಿತಾಳ ಪಕ್ಕ ಕೂತು, ಹಿಂದೆ ನೋಡದೆ, ಒಂದೊಂದೇ ನಂಬರ್ ಕೂಗಿದೆ. ಏಳರ ತನಕ ಸರಾಗವಾಗಿ ಆಯಿತು.

"ಎಂಟರಾಗ ಯಾರರ ಕುಂತಾರೇನು?"

"ಯಾರೂ ಇಲ್ರಿ ವೈನಿ," ಎಂದ ಹಿಂದಿನಿಂದ ಗದಿಗೆಪ್ಪ.

ಯಕ್ಷಿತಾ ಸೊನ್ನೆ ಬರೆದಳು. ಅವನು ತೂಕವಿಟ್ಟ, ಹತ್ತು ಎಂದು ಬಂತು. ಬೀಗ ಹಾಕಿದೆವು.

ಶಾಲೆ ಶುರುವಾಯಿತು. ದೀಪಗಳು ಕೆಂಪಾದವು, ಹಸಿರಾದವು. ಗದಿಗೆಪ್ಪ ಊಟದ ನಡುವೆ ಏಳುವುದನ್ನು ಬಿಟ್ಟ. ಒಂದು ದಿನ ಎರಡನೇ ಸಲ ಅನ್ನ ಬಡಿಸಿಕೊಂಡ ಎಂದು ಅತ್ತೆ ನನಗೆ ಫೋನು ಮಾಡಿ ಹೇಳಿದಳು. ನನಗೂ ಹಿಗ್ಗು.

ಹತ್ತನೇ ದಿನ ಮಧ್ಯಾಹ್ನ ಮಕ್ಕಳನ್ನು ಇಳಿಸಿ, ಹನ್ನೆರಡೂ ದೀಪ ಹಸಿರು ಇರುವುದನ್ನು ನೋಡಿ, ಬೀಗ ಹಾಕಿ, ರಸ್ತೆಯ ಆಚೆಗಿನ ಹೋಟೆಲಿನಲ್ಲಿ ಅವನು ಮೊದಲ ತುತ್ತು ಎತ್ತಿದ್ದ. ಹಾರ್ನು ಹೊಡೆದುಕೊಂಡಿತು. ಓಡಿ ಹೋಗಿ ಬಾಗಿಲು ತೆಗೆದರೆ ಎಂಟನೇ ಸೀಟಿನಲ್ಲಿ ರೋಶನ್ ಮಡಚಿಕೊಂಡು ಮಲಗಿದ್ದ. ಬೆವರಿದ್ದ ಅಷ್ಟೆ, ಎಬ್ಬಿಸಿದಾಗ ನಕ್ಕನಂತೆ.

ಸಂಜೆ ಗದಿಗೆಪ್ಪ ಪೇಢೆಯ ಡಬ್ಬಿ ಹಿಡಿದು ಕಾರ್ಖಾನೆಗೆ ಬಂದು ನನ್ನ ಕಾಲಿಗೆ ಬಿದ್ದ. "ಕೂಸಿನ ಜೀವಾ ಉಳಿಸಿದ್ರಿ ವೈನಿ." ನಾನು ಪೇಢೆ ಬಾಯಿಗಿಟ್ಟುಕೊಳ್ಳುವಾಗ ತಲೆಯಲ್ಲಿ ಒಂದು ಮುಳ್ಳು ಚುಚ್ಚಿತು. ಬೀಗ ಹಾಕುವಾಗ ದೀಪ ಹಸಿರು ಹೇಗಿತ್ತು?

ಡಬ್ಬಿ ಪ್ರತಿ ಉತ್ತರವನ್ನೂ ಒಳಗೆ ಬರೆದಿಟ್ಟುಕೊಳ್ಳುತ್ತದೆ. ಯಕ್ಷಿತಾ ವ್ಯಾನಿನಲ್ಲಿ ಕೂತು ಆ ದಾಖಲೆ ತೆರೆದಳು.

"ಆಂಟಿ, ಇದು ಸಹೀ ಇಲ್ಲ. ಎಂಟು ಖಾಲಿ ಇರುವಾಗ ಮೈನಸ್ ತೋರಿಸ್ತಾ ಉಂಟು. ಮೈನಸ್ ಸಿಕ್ಸ್ ಪಾಯಿಂಟ್ ಟೂ. ಡಬ್ಬಿಯಲ್ಲಿ ನಮಗೆ ಬರೀ ಹಸಿರು ಕಾಣ್ತದೆ, ಅದಕ್ಕೆ ಗೊತ್ತಾಗ್ಲಿಲ್ಲ."

ಸೊನ್ನೆ ಬರೆದಾಗ ಸೀಟಿನ ಮೇಲೆ ಏನೋ ಇತ್ತು. ಗದಿಗೆಪ್ಪನ ಕಡೆ ತಿರುಗಿದೆ.

"ಅವತ್ತ ಎಂಟರಾಗ ಏನಿತ್ತು?"

"ಗುಂಡಪ್ಪ ಇದ್ದ. ಅವ್ವ ಇಟ್ಟಿದ್ದಳು."

"ನಾ ಕೇಳಿದಾಗ ಬಾಯಾಗ ಏನ ಇಟಗೊಂಡಿದ್ದಿ?"

"ಯಾರರ ಕುಂತಾರೇನು ಅಂದ್ರಿ. ಕಲ್ಲು ಕುಂತೈತಿ ಅಂತ ಹೆಂಗ ಹೇಳ್ಲಿ ವೈನಿ? ತೂಕಾನೂ ಅದರ ಬಾಜೂಕ ಇಟ್ಟೆ."

ಬಯ್ಯಬೇಕೆಂದು ಬಾಯಿ ತೆರೆದೆ, ಬೈಗುಳ ನನ್ನ ಕಡೆಗೇ ತಿರುಗಿತು. ನಾನು ಒಮ್ಮೆ ಕತ್ತು ತಿರುಗಿಸಿದ್ದರೆ ಸಾಕಿತ್ತು. ಕುಂಚಿಗೆ ಕಾಣಬಾರದೆಂದು ತಿರುಗಿಸಲಿಲ್ಲ. ಆ ಸೀಟಿನಲ್ಲಿ ಹದಿಮೂರು ಕಿಲೋದ ರೋಶನ್ ಕೂತರೆ ಬೋರ್ಡು ಹೇಳುವುದು ಆರು ಪಾಯಿಂಟ್ ಎಂಟು. ಅಂದರೆ ಹಸಿರು. ಅಂದರೆ ಖಾಲಿ. ಹೆಚ್ಚೆಂದರೆ ಒಂದು ಚೀಲ. ದೊಡ್ಡ ಮಕ್ಕಳು ಕೂತಾಗ ಕೆಂಪಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ದಿನಕ್ಕೆ ಹತ್ತು ಸಲ ಇಣುಕಿ ನೋಡುತ್ತಿದ್ದ ಮನುಷ್ಯನಿಗೆ ನಾನು ಹಸಿರು ದೀಪ ಕೊಟ್ಟು ನೋಡುವುದನ್ನೇ ಬಿಡಿಸಿದ್ದೆ.

"ಹಂಗಾರ ಹಾರ್ನು ಹೆಂಗ ಹೊಡೀತು?" ಎಂದ ಗದಿಗೆಪ್ಪ.

ಯಕ್ಷಿತಾ ಬೆರಳಿಟ್ಟು ಓದಿದಳು. ಹನ್ನೆರಡು ಇಪ್ಪತ್ತಕ್ಕೆ ಬೀಗ ಬಿದ್ದಿದೆ. ಎಂಟನೇ ಸೀಟು ಆರು ಪಾಯಿಂಟ್ ಎಂಟು. ಮೂರು ನಿಮಿಷ ಹಾಗೇ ಇದೆ. ಹನ್ನೆರಡು ಇಪ್ಪತ್ತಮೂರಕ್ಕೆ, ಒಂದು ಕರೆಗೂ ಮುಂದಿನ ಕರೆಗೂ ನಡುವೆ, ಹದಿಮೂರು. ಆಗ ಹಾರ್ನು.

"ಆರು ಪಾಯಿಂಟ್ ಎರಡು ಎಕ್ಸ್ಟ್ರಾ ಬಂತು ಆಂಟಿ. ಬೀಗ ಹಾಕಿದ ಗಾಡಿ ಒಳಗೆ."

ಅವಳು ಹಿಂದಿನ ದಿನಗಳನ್ನು ತೆಗೆದಳು. ಬೀಗ ಬಿದ್ದ ಖಾಲಿ ವ್ಯಾನು. ಹನ್ನೊಂದು ಸೀಟು ಸೊನ್ನೆ, ಎಂಟನೆಯದು ಮೈನಸ್. ಪ್ರತಿದಿನ ಹನ್ನೆರಡು ಇಪ್ಪತ್ತರ ಸುಮಾರಿಗೆ ಎಂಟನೆಯದು ಮೈನಸ್‌ನಿಂದ ಎದ್ದು ನೇರ ಸೊನ್ನೆಗೆ ಬರುತ್ತಿತ್ತು. ನಲವತ್ತು ನಿಮಿಷ ಅಲ್ಲಾಡದೆ ಅಲ್ಲೇ ಇದ್ದು ಒಂದು ಗಂಟೆಗೆ ಮತ್ತೆ ಇಳಿಯುತ್ತಿತ್ತು. ಶಾಲೆ ಶುರುವಾದ ಮೊದಲ ದಿನದಿಂದಲೂ ಹಾಗೇ. ಬಿಸಿಲಿಗೆ ಸೆನ್ಸರ್ ಜಾರಿರಬಹುದು ಎಂದಳು, ತಾನೇ ತಲೆಯಾಡಿಸಿದಳು. ಬಿಸಿಲಿಗೆ ಜಾರುವುದು ನಿಧಾನ, ಮತ್ತು ಹನ್ನೆರಡೂ ಸೀಟಿಗೆ ಒಂದೇ ಬಿಸಿಲು. ಇದು ಯಾರೋ ಹತ್ತಿ ಕೂತಂತೆ, ಯಾರೋ ಇಳಿದು ಹೋದಂತೆ ಇತ್ತು. ಎಂಟನೆಯ ಸೀಟಿನ ಲೆಕ್ಕದಲ್ಲಿ ಸೊನ್ನೆ ಎಂದರೆ ಆರು ಪಾಯಿಂಟ್ ಎರಡು ಕಿಲೋದ ಏನೋ ಅಲ್ಲಿದೆ ಎಂದು ಅರ್ಥ.

"ಕಲ್ಲು ಎಲ್ಲೈತಿ?" ಎಂದೆ.

"ಮನ್ಯಾಗ, ಒಲಿ ಬಾಜೂಕ. ಅವತ್ತ ಒಯ್ದಿಟ್ಟದ್ದು, ಅಲುಗಾಡಿಲ್ಲ."

ನನಗೆ ಆ ಅಂಕಿ ಕಲ್ಲಿನಿಂದ ಗೊತ್ತಿದ್ದದ್ದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ನನಗೊಂದು ಹೆಣ್ಣುಕೂಸು ಹುಟ್ಟಿತ್ತು. ನಾನು ಸೋನಾಲಿ ಎಂದು ಹೆಸರಿಡಬೇಕೆಂದೆ. ಮನೆದೇವರ ಹೆಸರು ಬಿಟ್ಟು ಅದೇನು ಸಿನಿಮಾದ ಹೆಸರು ಎಂದಳು ಅತ್ತೆ. ಅವಳು ಬಗ್ಗಲಿಲ್ಲ, ನಾನೂ ಬಗ್ಗಲಿಲ್ಲ. ನನ್ನ ಗಂಡ ಶಾಂತಪ್ಪ ಆ ಜಗಳದಲ್ಲಿ ತುಟಿ ಬಿಚ್ಚಲಿಲ್ಲ. ಹದಿಮೂರನೇ ದಿನ ಆಗಬೇಕಾದ ಕಾರ್ಯ ಮೂರು ತಿಂಗಳು ಮುಂದಕ್ಕೆ ಹೋಯಿತು. ಹೆಸರಿಡದೆ ತೊಟ್ಟಿಲಿಗೆ ಹಾಕುವಂತಿಲ್ಲ. ಕೂಸು ನೆಲದ ಮೇಲೆ ಕೌದಿಯಲ್ಲಿ ಮಲಗಿತು. ಕೊನೆಗೆ ಅಕ್ಕಪಕ್ಕದವರು ಛೀ ಎಂದ ಮೇಲೆ ದಿನ ಗೊತ್ತು ಮಾಡಿದರು. ಗುಂಡುಕಲ್ಲು ತೊಳೆದು, ಕುಂಚಿಗೆ ಹೊಲಿದು ಇಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಮಲಗಿಸಿದೆ. ಒಂದು ಗಂಟೆಗೆ ಹಾಲು ಕುಡಿಸಲು ಹೋದಾಗ ಕೂಸು ಏಳಲಿಲ್ಲ. ಆ ವಾರ ಚುಚ್ಚುಮದ್ದಿನ ಕಾರ್ಡಿನಲ್ಲಿ ತೂಕ ಬರೆದಿದ್ದರು. ಆರು ಕಿಲೋ ಇನ್ನೂರು. ಆ ಕಾರ್ಡು ಇಂದಿಗೂ ನನ್ನ ಹತ್ತಿರ ಇದೆ.

ಹೆಸರಿಲ್ಲದ ಕೂಸನ್ನು ಏನೆಂದು ಕರೆಯುವುದು? ಇಪ್ಪತ್ತೆರಡು ವರ್ಷ ನಾನು ಅವಳನ್ನು ಒಮ್ಮೆಯೂ ಕರೆದಿಲ್ಲ, ಮನಸ್ಸಿನೊಳಗೂ. ಈಗ ಅವಳ ಕುಂಚಿಗೆ ಇಟ್ಟ ಜಾಗವನ್ನು ಒಂದು ತಂತಿ ಪ್ರತಿ ಸೆಕೆಂಡೂ ಕರೆಯುತ್ತಿತ್ತು. ಎಂಟು, ಎಂಟು, ಎಂಟು. ಕರೆದದ್ದಕ್ಕೆ ಅವಳು ಬಂದು ಕೂತಿದ್ದಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ನನಗೆ ಭಯವಾಯಿತು, ಮತ್ತು ನಾಚಿಕೆಯಿಲ್ಲದೆ ಹೇಳುತ್ತೇನೆ, ಸಂತೋಷವೂ ಆಯಿತು.

ಮುಂದಿನ ಭಾನುವಾರದ ತನಕ ಗದಿಗೆಪ್ಪನಿಗೆ ಆ ಸೀಟಿಗೆ ಯಾರನ್ನೂ ಕೂರಿಸಬೇಡ ಎಂದೆ. ಭಾನುವಾರ ಬೆಳಿಗ್ಗೆ ಅತ್ತೆಯ ಖೋಲಿಗೆ ಹೋಗಿ ಗುಂಡುಕಲ್ಲನ್ನೂ ಕುಂಚಿಗೆಯನ್ನೂ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಸ್ಟೇಟಿಗೆ ಹೋದೆ. ಅತ್ತೆಯೂ ಬಂದಳು. ಏನೂ ಕೇಳದೆ ವ್ಯಾನಿನ ಮೆಟ್ಟಿಲ ಮೇಲೆ ಕೂತಳು. ಹಳೆಯ ಬೋರ್ಡು ಕಿತ್ತು ಹೊಸದು ಕೂಡಿಸುವಷ್ಟರಲ್ಲಿ ಹನ್ನೆರಡು ದಾಟಿತ್ತು. ತೂಕದ ಪಾಠವನ್ನು ಮೇಜಿನ ಮೇಲೇ ಕಲಿಸಿ ತಂದಿದ್ದೆವು. ಖಾಲಿ ಸೀಟಿನ ಸೊನ್ನೆ ಒಂದು ಬಾಕಿ.

ಈ ಸಲ ನಾನೇ ಹಿಂದೆ ಹೋಗಿ ಸೀಟಿನ ಮೇಲೆ ಕೈಯಾಡಿಸಿದೆ. ರೆಕ್ಸಿನ್ ಬಿಸಿಯಾಗಿತ್ತು. ಒಂದು ಕಡೆ ಮಾತ್ರ, ಅಂಗೈಯಗಲ, ತಗ್ಗಿ ತಣ್ಣಗಿತ್ತು.

"ಏನರ ಐತೇನು ವೈನಿ?"

"ಏನೂ ಇಲ್ಲ."

"ಆಂಟಿ," ಎಂದಳು ಮುಂದಿನಿಂದ ಯಕ್ಷಿತಾ. ಅವಳ ದನಿ ಸಣ್ಣದಾಗಿತ್ತು. "ಇದೂ ಸಿಕ್ಸ್ ಪಾಯಿಂಟ್ ಟೂ ತೋರಿಸ್ತಾ ಉಂಟು."

ಬೋರ್ಡು ಬದಲಿಸಿದೆವು. ಮತ್ತೊಂದು ಹಾಕಿದೆವು. ಆರು ಪಾಯಿಂಟ್ ಎರಡು. ಗದಿಗೆಪ್ಪ ಕೆಳಗಿಳಿದು ದೂರ ಹೋಗಿ ನಿಂತ.

"ಏನ್ ಮಾಡುದು ಆಂಟಿ? ಹೀಗೇ ಝೀರೋ ಬರೆದು ಬಿಡ್ಲಾ?"

ಆ ಕ್ಷಣ ನಾನು ಹೂಂ ಎನ್ನಲಿದ್ದೆ. ಹೂಂ ಎಂದರೆ ಅವಳು ದಿನಾ ಬಂದು ಕೂರುತ್ತಾಳೆ; ನಾನು ದಿನಾ ದಾಖಲೆಯಲ್ಲಿ ಅವಳನ್ನು ನೋಡುತ್ತೇನೆ. ಆದರೆ ಅವಳು ಬಾರದ ಒಂದು ದಿನ ರೋಶನ್ ಅಲ್ಲಿ ಮಲಗುತ್ತಾನೆ, ದೀಪ ಹಸಿರಾಗಿರುತ್ತದೆ. ಒಮ್ಮೆ ಅವನನ್ನು ನನ್ನ ಕೂಸು ಕಾಯ್ದಿತು. ದಿನವೂ ಕಾಯಿ ಎಂದು ಮೂರು ತಿಂಗಳ ಕೂಸಿಗೆ ಹೇಗೆ ಹೇಳಲಿ?

"ಬ್ಯಾಡ. ತಡಿ," ಎಂದೆ. ಸೀಟಿನ ಮುಂದೆ ಮೊಣಕಾಲೂರಿ ಕೂತೆ. "ಏಳವ್ವಾ. ಸಾಕು, ಏಳು."

ಯಕ್ಷಿತಾ ಅಲ್ಲಿಂದಲೇ ಇಲ್ಲ ಎಂದು ತಲೆಯಾಡಿಸಿದಳು. ಇನ್ನೊಮ್ಮೆ ಹೇಳಿದೆ. ಅಂಕಿ ಅಲುಗಲಿಲ್ಲ.

ಮೆಟ್ಟಿಲ ಮೇಲಿಂದ ಅತ್ತೆ ಮಾತಾಡಿದಳು. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ಹಂಗ ಕರದ್ರ ತನ್ನನ್ನ ಕರೀತಾರ ಅಂತ ಅದಕ್ಕ ಹೆಂಗ ತಿಳೀಬೇಕು? ಹೆಸರ ಹಿಡದ ಕರಿ."

"ಹೆಸರ ಇಟ್ಟಿಲ್ಲಲ್ಲ ಅತ್ತಿ."

ಅವಳು ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು.

"ನೀ ಅಂದಿದ್ದ ಹೆಸರ ಛಲೋ ಇತ್ತು," ಎಂದಳು. "ಅದನ್ನ ಇಡು."

ನಮ್ಮಲ್ಲಿ ಹೆಸರನ್ನು ಕೂಸಿನ ಕಿವಿಯಲ್ಲಿ ಹೇಳುತ್ತಾರೆ. ಕಿವಿ ಎಲ್ಲಿರಬಹುದೆಂದು ಅಂದಾಜು ಮಾಡಿ, ಆ ತಣ್ಣನೆಯ ಜಾಗದ ಪಕ್ಕ ಬಾಗಿ, "ಸೋನಾಲಿ" ಎಂದೆ. "ಸೋನಾಲಿ, ಏಳವ್ವಾ. ಹುಡುಗರು ಕುಂದ್ರಬೇಕು."

ರೆಕ್ಸಿನ್ ಸಣ್ಣಗೆ ಕಿರ್ ಎಂದಿತು. ತಗ್ಗಿದ್ದ ಅಂಗೈಯಗಲ ಜಾಗ ನಿಧಾನವಾಗಿ ಮೇಲೆದ್ದು ಸಮನಾಯಿತು.

"ಝೀರೋ ಬಂತು," ಎಂದಳು ಯಕ್ಷಿತಾ. ಅವಳು ಅಳುತ್ತಿದ್ದಳು, ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. "ಬೀಗ ಹಾಕ್ಲಾ ಆಂಟಿ?"

"ಹಾಕು," ಎಂದೆ.

ಈಗ ರೋಶನ್ ಕೂತರೆ ಹದಿಮೂರು ಎಂದು ಬರುತ್ತದೆ, ದೀಪ ಕೆಂಪಾಗುತ್ತದೆ. ಗದಿಗೆಪ್ಪನಿಗೆ ದೀಪ ನೋಡು, ಜೊತೆಗೆ ಹಿಂದೆಯೂ ಹೋಗಿ ನೋಡು ಎಂದು ತಾಕೀತು ಮಾಡಿದ್ದೇನೆ, ನೋಡುತ್ತಾನೆ. ಪ್ರತಿ ಶನಿವಾರ ನಾನು ದಾಖಲೆ ತೆರೆದು ಮಧ್ಯಾಹ್ನದ ಹೊತ್ತನ್ನು ಓದುತ್ತೇನೆ. ಹನ್ನೆರಡು ಇಪ್ಪತ್ತರಿಂದ ಒಂದರ ತನಕ ಎಂಟನೇ ಸೀಟು ಸೊನ್ನೆ. ಹಳೆಯ ಬೋರ್ಡಿದ್ದ ದಿನಗಳಲ್ಲೂ ಇದೇ ಹೊತ್ತಿಗೆ ಇದೇ ಸೊನ್ನೆ ಇತ್ತು. ಆಗ ಅದರಲ್ಲಿ ನನ್ನ ಮಗಳಿದ್ದಳು.